ಇನ್ನೊಂದು ಸಹಿ

ಇಬ್ಬರೂ ಹಾಸಿಗೆ ಬಟ್ಟೆಯ ಎರಡೆರಡು ತುದಿ ಹಿಡಿದು ಎದುರುಬದುರು ನಿಂತಿದ್ದರು. ಒಮ್ಮೆ ಕೊಡವಿ, ಒಮ್ಮೆ ಜಗ್ಗಿ, ಹತ್ತಿರ ಬಂದು ತುದಿಗೆ ತುದಿ ಸೇರಿಸಿ, ಮತ್ತೆ ಹಿಂದೆ ಸರಿಯುವುದು. ಹೋಟೆಲಿನ ನೆಲಮಾಳಿಗೆಯಲ್ಲಿ ಒಗೆಯುವ ಯಂತ್ರಗಳ ಗದ್ದಲಕ್ಕೆ ಮಾತು ಕೇಳುವುದೂ ಇಲ್ಲ. ಆದರೆ ಅವತ್ತು ಪುಟ್ಟಿಯ ಅಮ್ಮ ಮೂರು ಸಲ ಮಡಿಕೆ ತಪ್ಪಿದಳು. ಎದುರಿಗಿದ್ದ ಹಿರಿಯಳು, ಎಲ್ಲರ ಬಾಯಲ್ಲೂ ಸೋಪಕ್ಕ, ಏನಾಯಿತೆಂದು ಕಣ್ಣಲ್ಲೇ ಕೇಳಿದಳು.

ಊಟದ ಬಿಡುವಿನಲ್ಲಿ ವಿಷಯ ಹೊರಬಿತ್ತು. ಪುಟ್ಟಿಗೆ ಉಬ್ಬಸ. ಎಳೆದುಕೊಳ್ಳುವ ಔಷಧಿ ಸರ್ಕಾರದ ಕಾರ್ಡಿನ ಮೇಲೆ ಪುಕ್ಕಟೆ ಸಿಗುತ್ತಿತ್ತು. ಟ್ಯಾಕ್ಸಿ ಓಡಿಸುವ ಗಂಡನಿಗೆ ಸ್ಟ್ಯಾಂಡಿನಲ್ಲಿ ಯಾರೋ ಕಿವಿ ಊದಿದ್ದರು: ಹೊರದೇಶದಿಂದ ಬಂದವರು ನೆರವು ಪಡೆದರೆ ಇಲ್ಲಿ ನೆಲೆಸುವ ಪರವಾನಗಿಯೇ ಹೋಗುತ್ತದಂತೆ. ಅವನು ಹಿಂದೆಮುಂದೆ ನೋಡದೆ ಕಾರ್ಡು ಒಪ್ಪಿಸಿ, ನೆರವು ಬೇಡವೆಂಬ ಫಾರಮ್ಮಿಗೆ ಸಹಿ ಹಾಕಿ ಬಂದಿದ್ದ. ಅಷ್ಟಕ್ಕೇ ಬಿಡದೆ ಸ್ಟ್ಯಾಂಡಿನವರಿಗೆಲ್ಲ ಬುದ್ಧಿ ಹೇಳಿ, ಇನ್ನಿಬ್ಬರ ಕೈಯಲ್ಲೂ ಕಾರ್ಡು ವಾಪಸು ಕೊಡಿಸಿದ್ದ. ಈಗ ಮನೆಯಲ್ಲಿ, ಉಳಿಸಿ ಉಳಿಸಿ ಕೊಟ್ಟರೂ, ನಾಲ್ಕು ದಿನದ ಔಷಧಿ ಉಳಿದಿತ್ತು.

"ಯಾರೋ ಹೇಳಿದ್ರು ಅಂತ ಮಗು ಉಸಿರನ್ನ ಅಡ ಇಡೋದಾ? ಈಗ್ಲೇ ಹೋಗಿ ಕೇಳು," ಎಂದಳು ಸೋಪಕ್ಕ. ಪುಟ್ಟಿಯ ಅಮ್ಮನ ಪಾಲಿನ ಬಟ್ಟೆಯನ್ನೂ ತಾನೇ ಮಡಿಸುತ್ತೇನೆಂದು ಮೇಲ್ವಿಚಾರಕನನ್ನು ಒಪ್ಪಿಸಿದ್ದೂ ಅವಳೇ. ಇಬ್ಬರು ಹಿಡಿಯುವ ಬಟ್ಟೆಯನ್ನು ಒಬ್ಬಳೇ ಹೇಗೆ ಮಡಿಸುವೆ ಎಂದು ಅವನು ಕೇಳಿದರೆ, ಇನ್ನೊಂದು ತುದಿಯನ್ನು ಹಲ್ಲಲ್ಲಿ ಕಚ್ಚಿಕೊಳ್ಳುತ್ತೇನೆ, ಇನ್ನೂ ಆರು ಹಲ್ಲಿವೆ ಎಂದಳು.

ಗಂಡ ಕಾರ್ಡು ಒಪ್ಪಿಸಿದ್ದ ಕಚೇರಿಯ ಕಿಟಕಿಯ ಮುಂದೆ ಪುಟ್ಟಿಯ ಅಮ್ಮ ನಿಂತಳು. ಮಗಳ ಹೆಸರನ್ನಷ್ಟೇ ಹೇಳಿದಳು. ಒಳಗಿದ್ದ ಗುಮಾಸ್ತೆ ಕಪಾಟಿನಿಂದ ಒಂದು ಕಡತ ತೆಗೆದಳು. ಫಾರಮ್ಮಿಗೆ ಗುಂಡುಸೂಜಿಯಿಂದ ಚುಚ್ಚಿದ್ದ ಕಾರ್ಡು ಹಾಗೇ ಇತ್ತು.

"ಇದಿನ್ನೂ ರದ್ದಾಗಿಲ್ಲಮ್ಮ. ಅಪ್ಪ ಅಮ್ಮ ಇಬ್ಬರ ಸಹೀನೂ ಬೇಕು. ನಿಮ್ಮೋರು ಒಬ್ರೇ ಹಾಕಿ ಹೊರಟುಬಿಟ್ರು, ಕರೆದ್ರೂ ತಿರುಗಿ ನೋಡ್ಲಿಲ್ಲ."

ಪರವಾನಗಿಯ ಮಾತು ಎತ್ತಿದ್ದಕ್ಕೆ ಗುಮಾಸ್ತೆ ನಿಯಮದ ಹಾಳೆ ತೆಗೆದು, ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಮಗುವಿನ ಔಷಧಿಗೂ ಹೆತ್ತವರ ಪರವಾನಗಿಗೂ ಸಂಬಂಧವಿಲ್ಲ. ಪುಟ್ಟಿಯ ಅಮ್ಮ ಮತ್ತೆ ಕೇಳಿದಾಗ ಬೇಸರಿಸದೆ ಇನ್ನೊಮ್ಮೆ ಓದಿ, ಪ್ರತಿಯನ್ನೂ ಕೊಟ್ಟಳು. ಆಮೇಲೆ ಪೆನ್ನನ್ನೂ ಫಾರಮ್ಮನ್ನೂ ಮುಂದಿಟ್ಟು, ಸಹಿ ಹಾಕುವುದೋ ಬಿಡುವುದೋ ನಿಮಗೆ ಬಿಟ್ಟದ್ದು ಎಂದಳು.

ಪುಟ್ಟಿಯ ಅಮ್ಮ ಪೆನ್ನನ್ನು ಹಿಂದಕ್ಕೆ ತಳ್ಳಿದಳು. ತನ್ನ ಸಹಿಗೆ ಇಷ್ಟು ತೂಕವಿದೆಯೆಂದು ಅವಳಿಗೆ ಈವರೆಗೆ ಯಾರೂ ಹೇಳಿರಲಿಲ್ಲ. ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಗುಮಾಸ್ತೆ ಗುಂಡುಸೂಜಿ ಬಿಚ್ಚಿ ಕಾರ್ಡು ಕೊಟ್ಟಾಗ, ಉಪಕಾರವಾಯಿತು ಎನ್ನಲು ಹೋಗಿ ಕಣ್ಣು ತುಂಬಿತು.

"ಇದು ಮಗುವಿನ ಹಕ್ಕು, ನನ್ನ ಉಪಕಾರ ಏನಿದೆ? ಇನ್ನೂ ಎರಡು ಕಾರ್ಡು ಹೀಗೇ ಕೂತಿವೆ. ನಿಮಗೆ ಗೊತ್ತಿರೋರಾದ್ರೆ ಬೇಗ ಕಳಿಸಿ. ತಿಂಗಳು ಮುಗಿದ್ರೆ ನನ್ನ ಕೈಲೂ ಇಟ್ಕೊಳ್ಳೋಕಾಗಲ್ಲ."

ಸಂಜೆ ಪುಟ್ಟಿ ಹೊಸ ಔಷಧಿ ಎಳೆದುಕೊಂಡು, ಎದೆ ಹಗುರಾಗಿ, ಕೋಣೆಯ ತುಂಬ ಕುಣಿಯುತ್ತಿದ್ದಳು. ಗಂಡ ನಿಯಮದ ಪ್ರತಿಯನ್ನು ಎರಡು ಸಲ ಓದಿದ. ಮಗಳನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡು, ಅವಳ ಬೆನ್ನಿಗೆ ಕಿವಿಯಿಟ್ಟ. ನಿನ್ನೆಯ ಸುಂಯ್ ಸದ್ದು ಇರಲಿಲ್ಲ. ಅವನ ಮುಖ ಸಡಿಲವಾಯಿತು.

ಅವಳು ಪಕ್ಕದಲ್ಲಿ ಕೂತಳು.

"ರೀ, ನಾಳೆ ಸ್ಟ್ಯಾಂಡಲ್ಲಿ ಅವರಿಬ್ಬರಿಗೂ ನೀವೇ ಹೇಳಿ."

ಅವನು ಮಗಳ ಬೆನ್ನಿನಿಂದ ತಲೆ ಎತ್ತದೆಯೇ ನಿಯಮದ ಪ್ರತಿಯನ್ನು ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡ.