ಸಂಶಯದ ಸೋಮಲಿಂಗ

ವಾರ್ಡಿನ ಬಾಗಿಲಲ್ಲಿ ನಿಂತು, ತೊಟ್ಟ ಬಿಳಿಯ ಕೋಟನ್ನು ಕಳಚಿ, ಮಡಚಿ, ಎಡಗೈಯ ಮೇಲೆ ಹಾಕಿಕೊಂಡು, ಆಮೇಲೆಯೇ ಒಳಗೆ ಕಾಲಿಡುವ ಒಬ್ಬ ಮನುಷ್ಯನನ್ನು ನಾನು ಬಾಗಲಕೋಟೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕಂಡೆ. ಉಳಿದವರೆಲ್ಲ ಕೋಟು ತೊಟ್ಟು ಗತ್ತಿನಿಂದ ಒಳಗೆ ಬರುವ ಜಾಗಕ್ಕೆ ಇವನೊಬ್ಬ ಕಳಚಿ ಬರುತ್ತಿದ್ದುದನ್ನು ನೋಡಿ, ಈತ ಆ ಕೋಟು ತೊಡುವ ಅಧಿಕಾರವಿಲ್ಲದ ಯಾರೋ ಇರಬೇಕೆಂಬ ಗುಮಾನಿ ನನಗೆ ಮೊದಲ ದಿನವೇ ಹುಟ್ಟಿತು. ಪರಿಚಯ ಬೆಳೆದ ಮೇಲೆ ಕೇಳಿಯೇಬಿಟ್ಟೆ. ಅವನು ಹವಾಮಾನದ ಸಂಗತಿ ಹೇಳುವವನಂತೆ ನಿರ್ವಿಕಾರವಾಗಿ ಹೇಳಿದ: “ಕೋಟು ಕಂಡ್ರ ಮಂದಿ ಸುಳ್ಳ ಹೇಳ್ತಾರ್ರಿ ಸರ್. ಬರೇ ಅಂಗಿ ಮ್ಯಾಲೆ ಹೋದ್ರ ಅರ್ಧಾ ಖರೆ ಹೇಳ್ತಾರ.” ಉಳಿದರ್ಧ? “ಅದನ್ನ ನಾವ ಹುಡುಕಬೇಕ್ರಿ.”

ಹೆಸರು ಸೋಮಲಿಂಗ, ಊರು ಹುನಗುಂದದ ಕಡೆಯ ಮರೋಳ, ಉದ್ಯೋಗ ಕ್ಲಿನಿಕಲ್ ಫಾರ್ಮಸಿಸ್ಟ್. ವಯಸ್ಸಿನಲ್ಲಿ ನನ್ನ ಮಗನಿಗಿಂತ ಚಿಕ್ಕವನಾದ್ದರಿಂದ ಏಕವಚನದಲ್ಲೇ ಬರೆಯುತ್ತಿದ್ದೇನೆ. ಔಷಧಿ ಕೊಡುವ ಕಿಟಕಿಯ ಹಿಂದೆ ಕೂಡಬೇಕಾದವನಿಗೆ ರೋಗಿಯ ಮಂಚದ ಹತ್ತಿರ ಏನು ಕೆಲಸ, ಯಾವುದೋ ಕಂಪನಿಯ ಏಜೆಂಟನೇ ಇರಬೇಕು ಎಂದು ನಾನು ಎರಡನೆಯ ಗುಮಾನಿಯನ್ನೂ ಪಟ್ಟಿದ್ದೆ. ನನ್ನಂಥ ನಿವೃತ್ತ ಮಾಸ್ತರನಿಗೆ ಆಸ್ಪತ್ರೆಯಲ್ಲಿ ಗುಮಾನಿ ಬಿಟ್ಟರೆ ಬೇರೆ ಉದ್ಯೋಗವಾದರೂ ಏನು? ಈತ ಔಷಧ ಮಾರುವವನಲ್ಲ. ಡಾಕ್ಟರು ಬರೆದ ಔಷಧಗಳು ಒಂದರ ಜೊತೆ ಒಂದು ಹೊಂದುತ್ತವೆಯೋ ಕಾದಾಡುತ್ತವೆಯೋ, ರೋಗಿ ಮನೆಯಲ್ಲಿ ಗುಟ್ಟಾಗಿ ಮತ್ತೇನನ್ನು ನುಂಗುತ್ತಿದ್ದಾನೆ, ಬರೆದದ್ದು ನಿಜವಾಗಿ ಹೊಟ್ಟೆಗೆ ಹೋಗುತ್ತಿದೆಯೋ ದಿಂಬಿನ ಅಡಿಗೆ ಹೋಗುತ್ತಿದೆಯೋ ಎಂಬುದನ್ನೆಲ್ಲ ಮಂಚಮಂಚಕ್ಕೂ ಹೋಗಿ ವಿಚಾರಿಸಿ ಡಾಕ್ಟರ ಗಮನಕ್ಕೆ ತರುವುದು ಅವನ ಕೆಲಸ. ಅಂದರೆ ಸಂಶಯವೇ ಅವನ ವೃತ್ತಿ.

ಅವನ ನಡಿಗೆಯೂ ಅದಕ್ಕೆ ತಕ್ಕುದೇ ಆಗಿತ್ತು. ಇಕ್ಕಟ್ಟಾದ ಮಂಚಗಳ ನಡುವೆ ಒಂದು ಭುಜವನ್ನು ಮುಂದೆ ಮಾಡಿ ಅಡ್ಡಡ್ಡವಾಗಿ ಜಾರಿಕೊಂಡು ಬರುತ್ತಿದ್ದ. ರಬ್ಬರಿನ ಚಪ್ಪಲಿಗೆ ಸದ್ದೇ ಇಲ್ಲದ್ದರಿಂದ ನಾವು ತಲೆ ಎತ್ತುವಷ್ಟರಲ್ಲಿ ಅವನು ಪಕ್ಕದಲ್ಲಿ ನಿಂತು ತಲೆಯನ್ನು ತುಸು ಎಡಕ್ಕೆ ವಾಲಿಸಿ ಕೇಳುತ್ತಿರುತ್ತಿದ್ದ. ಏನು ಹೇಳಿದರೂ ಅವನ ಉತ್ತರ ಒಂದೇ: “ಅದು ಖರೆ. ಮತ್ತ?” ಖರೆ ಎಂದು ಒಪ್ಪಿಕೊಳ್ಳುವ ದನಿಯಲ್ಲೇ ಖರೆಯಲ್ಲವೆಂದು ತಿಳಿಸುವ ಆ ‘ಮತ್ತ’ ಎಂಬ ಮಾತಿಗೆ ವಾರ್ಡಿನ ಹೆಂಗಸರು ಪೊಲೀಸರಿಗೂ ಅಂಜದಷ್ಟು ಅಂಜುತ್ತಿದ್ದರು. ಗುಳಿಗೆ ನುಂಗಿಸಿದ ಮೇಲೆ ಬಾಯಿ ತೆರೆಸಿ, ನಾಲಗೆ ಎತ್ತಿಸಿ ನೋಡುತ್ತಿದ್ದ. ರೋಗಿಗಳ ಮನೆಯವರು ಕೊಟ್ಟ ಚಹವನ್ನು ಮಾತ್ರ ಎಂದೂ ಮುಟ್ಟುತ್ತಿರಲಿಲ್ಲ. ಅದರಲ್ಲೂ ಏನಿದೆಯೋ ಎಂಬ ಅನುಮಾನವಿರಬೇಕೆಂದು ನಾವು ನಗುತ್ತಿದ್ದೆವು.

ನಾನು ಅಲ್ಲಿದ್ದುದು ಕಮತಗಿಯ ನನ್ನ ಅಕ್ಕನ ಸಲುವಾಗಿ. ಎಷ್ಟು ಔಷಧ ಕೊಟ್ಟರೂ ಅವಳ ರಕ್ತದೊತ್ತಡ ಇಳಿಯದೆ ಡಾಕ್ಟರು ಭರ್ತಿ ಮಾಡಿಕೊಂಡಿದ್ದರು. ದಿನವೂ ತಪ್ಪದೆ ಗುಳಿಗೆ ನುಂಗುತ್ತೇನೆಂದು ಅಕ್ಕ ಹಣೆಯ ಕುಂಕುಮದ ಆಣೆ ಮಾಡುತ್ತಿದ್ದಳು. ಸೋಮಲಿಂಗ ಅವಳ ಕೈಚೀಲದಿಂದ ಗುಳಿಗೆಯ ಹಾಳೆಯನ್ನು ತೆಗೆದು, ಬೆಳಕಿಗೆ ಹಿಡಿದು, ಖಾಲಿಯಾದ ಗೂಡುಗಳಲ್ಲಿ ಅಂಟಿದ್ದ ಬಿಳಿಯ ಪುಡಿಯನ್ನು ನೋಡಿದ.

“ಗುಳಗಿ ಮುರೀತೀರೇನ್ರಿ ಅವ್ವಾರ? ಅರ್ಧಾ ಯಾರಿಗ್ರಿ?”

ಅಕ್ಕನ ಮುಖ ಕೆಂಪಾಯಿತು. ಕೊನೆಗೆ ಸಿಟ್ಟಿನಿಂದಲೇ ಒಪ್ಪಿಕೊಂಡಳು: “ಬಾಜೂಮನಿ ಜೈನಬಿಗೂ ಬಿಪಿ ಐತಪಾ. ಇಬ್ಬರದೂ ಒಂದ ಬ್ಯಾನಿ, ಹಂಚಿಕೊಂಡ್ರ ಏನಾತು?”

ಅವನು ನಗಲಿಲ್ಲ. ಮುಂದಿನ ಸಲ ಜೈನಬಿಯನ್ನೂ ಕರೆದುಕೊಂಡು ಬರಬೇಕೆಂದು ಹೇಳಿ ಹೋದ. ಬಾದಾಮಿಯಲ್ಲಿ ಪ್ರವಾಸಿಗರಿಗೆ ಗುಹೆ ತೋರಿಸುವ ರಾಚಯ್ಯನೆಂಬ ಗೈಡಿನ ಕಥೆಯನ್ನು ಹೇಳಿದವನೂ ಅವನೇ. ದಮ್ಮಿನ ರೋಗದ ಆ ಮನುಷ್ಯನಿಗೆ ಪುಟ್ಟ ಯಂತ್ರದಲ್ಲಿಟ್ಟು ಉಸಿರಿನೊಂದಿಗೆ ಎಳೆದುಕೊಳ್ಳುವ ಔಷಧವನ್ನು ಬರೆದಿದ್ದರು. ಎಳೆದುಕೊಳ್ಳುತ್ತಿದ್ದೇನೆಂದು ರಾಚಯ್ಯ ಗುಹೆಯೇ ಗುಡುಗುವಂಥ ದನಿಯಲ್ಲಿ ಹೇಳುತ್ತಿದ್ದನಂತೆ, ದಮ್ಮು ಮಾತ್ರ ಇಳಿಯದು. “ಬಾಯಿಲೆ ಹೇಳಬ್ಯಾಡ್ರಿ, ಮಾಡಿ ತೋರಸ್ರಿ” ಎಂದು ಇವನು ಹಟ ಹಿಡಿದಾಗ ರಾಚಯ್ಯ ಔಷಧದ ಕ್ಯಾಪ್ಸೂಲನ್ನು ಬಾಯಿಗೆ ಹಾಕಿಕೊಂಡು ಒಂದು ತಂಬಿಗೆ ನೀರು ಕುಡಿದನಂತೆ. ಹಾಗಾದರೆ ಯಂತ್ರ? “ಆ ಪೀಪಿ ಏನ್ರಿ? ಅದನ್ನ ಮೊಮ್ಮಗ ಊದತಾನ್ರಿ.”

ಇಂಥ ಪ್ರಸಂಗಗಳಲ್ಲಿ ಸಂಶಯವು ನಗೆಯಲ್ಲಿ ಮುಗಿಯುತ್ತಿತ್ತು. ಬಾಳವ್ವನ ವಿಷಯದಲ್ಲಿ ಹಾಗಾಗಲಿಲ್ಲ.

ಬಾಳವ್ವ ಇಳಕಲ್ಲಿನ ನೇಕಾರರ ಮನೆಯ ಹಿರಿಯಳು. ಅಕ್ಕನ ಪಕ್ಕದ ಮಂಚ ಆಕೆಯದು. ಹಿಂದೆ ಯಾವಾಗಲೋ ಆಕೆಯ ಹೃದಯದ ಕವಾಟವನ್ನು ತೆಗೆದು ಕೃತಕ ಕವಾಟವನ್ನು ಕೂಡಿಸಿದ್ದರು. ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದೆಂದು, ರಕ್ತವನ್ನು ತೆಳುವಾಗಿಡುವ ಒಂದು ಗುಳಿಗೆಯನ್ನು ಆಕೆ ಬದುಕಿರುವ ತನಕ ನುಂಗಬೇಕು. ಅದು ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಎರಡರ ನಡುವಿನ ಹಾದಿ ಬಲು ಇಕ್ಕಟ್ಟಿನದು. ವರ್ಷಾನುಗಟ್ಟಲೆ ಒಂದೇ ಪ್ರಮಾಣದಲ್ಲಿ ಸುರಳೀತವಾಗಿ ನಡೆದಿದ್ದ ಆಕೆಗೆ ಈಗ ಏಕಾಏಕಿ ಮೂಗಿನಿಂದ ರಕ್ತ ಸುರಿದು, ತೋಳಿನ ತುಂಬ ಕಪ್ಪು ಕಲೆಗಳೆದ್ದಿದ್ದವು. ಡಾಕ್ಟರು ತಕ್ಕ ಇಂಜೆಕ್ಷನ್ ಕೊಟ್ಟು ರಕ್ತವನ್ನು ನಿಲ್ಲಿಸಿದರು. ಆದರೆ ಕಾರಣ ತಿಳಿಯದೆ ಮನೆಗೆ ಕಳಿಸುವ ಹಾಗಿಲ್ಲ, ಈ ಸಲ ಮೂಗಿನಲ್ಲಿ ಒಡೆದದ್ದು ಮುಂದಿನ ಸಲ ಮಿದುಳಿನಲ್ಲಿ ಒಡೆದರೆ ನಾವು ಮಾಡುವುದು ಏನೂ ಉಳಿಯುವುದಿಲ್ಲ ಎಂದು ಮಗ ಶಿವಸಂಗಪ್ಪನಿಗೆ ಹೇಳಿ, ಕಾರಣವನ್ನು ಹುಡುಕಲು ಸೋಮಲಿಂಗನನ್ನು ಕಳಿಸಿದರು.

ಓದು ಬಾರದ ಬಾಳವ್ವನಿಗೆ ದಿನವೂ ಗುಳಿಗೆ ಕೊಡುತ್ತಿದ್ದವಳು ಸೊಸೆ ಚೇತನಾ. ನೆಲವನ್ನೇ ನೋಡುತ್ತ ಮಾತಾಡುವ, ಅತ್ತೆಯ ಸೆರಗು ಸರಿಮಾಡುತ್ತ ಮಂಚದ ತುದಿಯಲ್ಲಿ ಕೂತಿರುತ್ತಿದ್ದ ಎಳೆಯ ಹೆಣ್ಣುಮಗಳು. ಸೋಮಲಿಂಗ ಆಕೆಯ ಎದುರು ನಿಂತು ತಲೆ ವಾಲಿಸಿದ. ಒಂದೇ ಗುಳಿಗೆ ಕೊಡುತ್ತೀಯೋ, ಮರೆತು ಇನ್ನೊಂದು ಕೊಡುತ್ತೀಯೋ?

“ಒಂದರಿ.”

“ಅದು ಖರೆ. ಮತ್ತ?”

“ಮತ್ತೇನಿಲ್ರಿ.”

ನೋವಿನ ಗುಳಿಗೆ? ನಾಟಿ ಔಷಧ? ಕಷಾಯ? ಹೊಸದಾಗಿ ಏನಾದರೂ ತಿನ್ನಿಸಿದ್ದು? ಎಲ್ಲಕ್ಕೂ ಆಕೆ ಇಲ್ಲವೆಂದಳು. ಪ್ರತಿ ‘ಇಲ್ಲ’ಕ್ಕೂ ಆಕೆಯ ದನಿ ಇಳಿಯುತ್ತ ಹೋಯಿತು. ಬಾಳವ್ವನೂ ಏನೂ ತಿಂದಿಲ್ಲವೆಂದಳು. ಆಗ ಸೋಮಲಿಂಗ ಶಿವಸಂಗಪ್ಪನ ಕಡೆ ತಿರುಗಿ, ತನ್ನ ಮಟ್ಟಿಗೆ ಬರಿಯ ಮುನ್ನೆಚ್ಚರಿಕೆಯಾದ ಮಾತನ್ನು ಇಡೀ ವಾರ್ಡಿಗೆ ಕೇಳುವಂತೆ ಹೇಳಿದ: “ಇನ್ನ ಮ್ಯಾಲೆ ಅವ್ವಾರಿಗೆ ಗುಳಗಿ ನರ್ಸ್ ಕೈಲೆ ಕೊಡಲಿ. ಮನಿಯವರು ಯಾರೂ ಬ್ಯಾಡ್ರಿ.” ಶಿವಸಂಗಪ್ಪ ಹೆಂಡತಿಯನ್ನು ನೋಡಿದ. ಏನೂ ಅನ್ನಲಿಲ್ಲ.

ಅಷ್ಟು ಸಾಕಾಯಿತು. ಸಾಯಂಕಾಲದೊಳಗೆ ವಾರ್ಡಿನ ತುಂಬ ಗುಸುಗುಸು ಹರಡಿತು. ಅತ್ತೆ-ಸೊಸೆಯರ ನಡುವೆ ಮೊದಲಿನಿಂದ ಹೇಗಿತ್ತೋ ಏನೋ ಎಂದು ಯಾರೋ ಅಂದರು. ಮೆತ್ತಗಿರುವವರನ್ನೇ ನಂಬಬಾರದೆಂದು ಇನ್ಯಾರೋ ಅಂದರು. ಚೇತನಾ ನೀರಿನ ಲೋಟ ಹಿಡಿದು ಬಂದಾಗ ಬಾಳವ್ವ ಬಾಯಾರಿಕೆ ಇಲ್ಲವೆಂದು ಆಚೆ ಹೊರಳಿ, ತುಸು ಹೊತ್ತಿನ ಮೇಲೆ ನನ್ನ ಅಕ್ಕನ ಕೈಯಿಂದ ನೀರು ಇಸಿದುಕೊಂಡು ಕುಡಿದಳು. ಮೊಗಸಾಲೆಯಲ್ಲಿ ಶಿವಸಂಗಪ್ಪ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: “ದವಾಖಾನಿಯಿಂದ ಬಿಟ್ಟ ಕೂಡ್ಲೆ ಆಕೀನ ಹುನಗುಂದಕ್ಕ, ಅವರಪ್ಪನ ಮನಿಗೆ ಬಿಟ್ಟ ಬರ್ತೇನಿ. ನನಗ ಅವ್ವನ ಜೀವಾ ದೊಡ್ಡದು.” ಚೇತನಾ ಅವನ ಹಿಂದೆಯೇ, ತೊಳೆದ ಊಟದ ಡಬ್ಬಿ ಹಿಡಿದು ನಿಂತಿದ್ದಳು.

ನನಗೆ ಮೈಯೆಲ್ಲ ಉರಿಯಿತು. ಸೋಮಲಿಂಗನನ್ನು ಅಡ್ಡಗಟ್ಟಿ, ನಿನ್ನ ಒಂದು ಮಾತಿಗೆ ಒಂದು ಸಂಸಾರ ಒಡೆಯುತ್ತಿದೆ, ಗೊತ್ತೇನಪ್ಪಾ ಎಂದು ಕೇಳಿದೆ. ಅವನು, “ಸಂಶಯ ಪಡೂದು ನನ್ನ ಕೆಲಸ್ರಿ ಸರ್. ಕಾರಣ ಸಿಗೂತನಾ ಎಲ್ಲಾರ ಮ್ಯಾಲೂ ಪಡ್ತೇನಿ. ನಿಮ್ಮ ಮ್ಯಾಲೂ” ಎಂದ. ಅಷ್ಟೊಂದು ತಣ್ಣಗಿನ ಮನುಷ್ಯನನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ. ಆ ದಿನ ಅವನು ನನಗೆ ಖಂಡಿತ ಹಿಡಿಸಲಿಲ್ಲ.

ಮರುದಿನ ಮಧ್ಯಾಹ್ನ ಕಮತಗಿಯಿಂದ ಅಕ್ಕನಿಗೆ ಬುತ್ತಿ ಬಂತು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಬದಿಗೆ ತೊಳೆದಿಟ್ಟ ಹಸಿ ಮೆಂತ್ಯ ಮತ್ತು ಹಕ್ಕರಿಕೆ ಸೊಪ್ಪು. ನಮ್ಮ ಕಡೆ ರೊಟ್ಟಿಯ ಜೊತೆ ಹಸಿಸೊಪ್ಪು ಇಲ್ಲದಿದ್ದರೆ ಊಟ ಮಾಡಿದಂತೆಯೇ ಅಲ್ಲ. ಅಕ್ಕ ಅರ್ಧ ಪಾಲನ್ನು ಬಾಳವ್ವನ ತಾಟಿಗೆ ಹಾಕಿದಳು. ಬಾಳವ್ವ ರೊಟ್ಟಿಯನ್ನು ಇಟ್ಟುಕೊಂಡು ಸೊಪ್ಪನ್ನು ಮಾತ್ರ ಹುಷಾರಾಗಿ ಎತ್ತಿ ಮರಳಿ ಅಕ್ಕನ ತಾಟಿಗೆ ಹಾಕಿದಳು.

“ನಾ ತಪ್ಪಲಾ ಬಿಟ್ಟೇನ್ರಿ ಅಕ್ಕಾರ. ಕಾಶಿಗೆ ಹೋಗಿದ್ವಿ. ಭಾಳ ಸೇರೂದನ್ನ ಅಲ್ಲಿ ಬಿಟ್ಟ ಬರಬೇಕಲ್ರಿ, ಅದಕ್ಕ ಗಂಗವ್ವನ ಮುಂದ ತಪ್ಪಲಾ ಬಿಟ್ಟ ಬಂದೆ.”

ಎದುರು ಮಂಚದ ರೋಗಿಯೊಂದಿಗೆ ಮಾತಾಡುತ್ತಿದ್ದ ಸೋಮಲಿಂಗ ಮಾತನ್ನು ಅಲ್ಲಿಗೇ ಬಿಟ್ಟು ಬಂದ. ಯಾವಾಗ ಹೋಗಿದ್ದಿರಿ ಎಂದ. ಹಿಂದಿನ ತಿಂಗಳು ಎಂದಳು ಬಾಳವ್ವ. ಮೊದಲು ಎಷ್ಟು ತಿನ್ನುತ್ತಿದ್ದಿರಿ ಎಂದು ಕೇಳಿದ್ದಕ್ಕೆ ಶಿವಸಂಗಪ್ಪನೇ ಉತ್ತರ ಕೊಟ್ಟ: “ನಮ್ಮವ್ವ ರೊಟ್ಟಿ ಎಲ್ಲಿ ತಿಂತಿದ್ಳರಿ? ತಪ್ಪಲಾನ ತಿಂತಿದ್ಳು, ಅದರ ಜೋಡಿ ಚೂರ ರೊಟ್ಟಿ.”

ಸೋಮಲಿಂಗ ಮಂಚದ ಕಂಬಿಯನ್ನು ಹಿಡಿದು ನಿಂತ. ಹಸಿರು ಸೊಪ್ಪಿನಲ್ಲಿ ರಕ್ತವನ್ನು ಗಟ್ಟಿಗೊಳಿಸುವ ಅಂಶವಿದೆ. ಅಷ್ಟು ಸೊಪ್ಪು ತಿನ್ನುವ ಮೈಗೆ ಹೊಂದಿಸಿಯೇ ಗುಳಿಗೆಯ ಪ್ರಮಾಣ ನಿಂತಿತ್ತು. ಸೊಪ್ಪು ಒಮ್ಮೆಲೇ ಹೋಯಿತು, ಗುಳಿಗೆ ಅಷ್ಟೇ ಉಳಿಯಿತು, ತಕ್ಕಡಿಯ ಒಂದೇ ತಟ್ಟೆಯಿಂದ ತೂಕ ತೆಗೆದ ಹಾಗೆ. ಇದನ್ನೆಲ್ಲ ಅವನು ಬಾಳವ್ವನಿಗೆ ತಿಳಿಯುವ ಹಾಗೆ ಹೇಳಿ, ಆಮೇಲೆ ನನ್ನ ಕಡೆ ತಿರುಗಿದ.

“ಏನ ತಿಂದ್ರಿ, ಏನ ತಿಂದ್ರಿ ಅಂತ ನೂರ ಸಲ ಕೇಳಿದೆ ಸರ್. ಏನ ಬಿಟ್ರಿ ಅಂತ ಒಮ್ಮೆನೂ ಕೇಳಲಿಲ್ಲ. ನಮ್ಮದು ಕುರಿ ಮೇಸೂ ಮನಿತಾನ. ಕುರಿ ಜಡ್ಡಿಗೆ ಬಿತ್ತಂದ್ರ ನಮ್ಮಪ್ಪ ಮೊದಲ ಕೇಳೂದು, ಏನ ಮೇದೈತಿ ಅಂತ. ನಾನೂ ಅದನ್ನ ಕಲತೆ. ಕುರಿ ಎಂದಾದ್ರೂ ದೇವರ ಹೆಸರಿಲೆ ಮೇವು ಬಿಟ್ಟೀತೇನ್ರಿ?”

ಹರಕೆಯನ್ನು ಮುರಿಯಬೇಕೇನೋ ಎಂದು ಬಾಳವ್ವನಿಗೆ ದಿಗಿಲಾಗಿತ್ತು. ಬೇಡವೆಂದ ಸೋಮಲಿಂಗ; ಡಾಕ್ಟರಿಗೆ ಹೇಳಿ ಗುಳಿಗೆಯ ಪ್ರಮಾಣವನ್ನೇ ಇಳಿಸಿದರಾಯಿತು, ಗಂಗವ್ವನಿಗೆ ಕೊಟ್ಟ ಮಾತು ಹಾಗೇ ಇರಲಿ ಎಂದ. ಮರುಕ್ಷಣವೇ ಅವನ ಜಾಯಮಾನ ತಲೆಯೆತ್ತಿತು: “ಖರೇನ ಬಿಟ್ಟೀರೇನ್ರಿ? ಶೀಗಿ ಹುಣ್ಣಿವಿಗೆ, ಎಳ್ಳಮಾಸಿಗೆ ಚೂರಚೂರ ತಿಂದೀರಿ ಮತ್ತ. ಹಂಗೇನರ ಇದ್ರ ಈಗ ಹೇಳ್ರಿ.” ಬಾಳವ್ವ ನಕ್ಕಳು. ವಾರ್ಡೆಲ್ಲ ನಕ್ಕಿತು. ಚೇತನಾ ನಗಲಿಲ್ಲ.

ಸೋಮಲಿಂಗ ಆಕೆಯ ಕಡೆ ತಿರುಗಿದ. ಹಿಂದಿನ ದಿನ ಯಾವ ದನಿಯಲ್ಲಿ ಮಾತಾಡಿದ್ದನೋ ಅದೇ ದನಿಯಲ್ಲಿ, ಅಷ್ಟೇ ಜನರಿಗೆ ಕೇಳುವ ಹಾಗೆ, “ತಂಗೀ, ನಿನ್ನೆ ನಿನ್ನ ಮ್ಯಾಲೆ ಸಂಶಯ ಪಟ್ಟಿದ್ದೆ. ನಿಂದೇನೂ ತಪ್ಪಿಲ್ಲ. ನಂದ ತಪ್ಪಾಗೇತಿ” ಎಂದು ಕೈಮುಗಿದ. ಹೀಗೆ ತಪ್ಪೊಪ್ಪಿಕೊಳ್ಳುವುದನ್ನು ಆಸ್ಪತ್ರೆಯಲ್ಲಿರಲಿ, ನಾನು ಮೂವತ್ತು ವರ್ಷ ಪಾಠ ಹೇಳಿದ ಶಾಲೆಯಲ್ಲಿಯೂ ಕಂಡಿರಲಿಲ್ಲ. ಅವನ ಮೇಲಿನ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಚೇತನಾ ಮೊದಲ ಸಲ ತಲೆಯೆತ್ತಿ ಮಾತಾಡಿದಳು.

“ನಿಮ್ಮ ಮ್ಯಾಲೆ ಸಿಟ್ಟಿಲ್ರಿ ಅಣ್ಣಾರ. ನೀವು ನನ್ನ ನಿನ್ನೆ ನೋಡಿದವ್ರು, ನಿಮಗೇನ ಗೊತ್ತು? ಆದ್ರ ನೀವು ಕೇಳಿದಾಗ ನಮ್ಮ ಮನಿಯವರು ಒಬ್ಬರರ ‘ಆಕಿ ಅಂಥಾಕಿ ಅಲ್ಲ’ ಅನಲಿಲ್ಲಲ್ರಿ.”

ಶಿವಸಂಗಪ್ಪ ಕಿಟಕಿಯ ಕಡೆ ಮುಖ ಮಾಡಿದ. ಬಾಳವ್ವ ತಾಟನ್ನು ಬದಿಗೆ ಸರಿಸಿ ಸೊಸೆಯ ಕೈ ಹಿಡಿಯಲು ಹೋದಳು. ಚೇತನಾ ಆ ತಾಟನ್ನೇ ಎತ್ತಿಕೊಂಡು ತೊಳೆಯಲು ಹೋದಳು.

ಮುಂದಿನ ತಿಂಗಳು ಅಕ್ಕನ ತಪಾಸಣೆಗೆಂದು ಹೋದಾಗ ಸೋಮಲಿಂಗನೇ ಸುದ್ದಿ ಹೇಳಿದ. ಚೇತನಾಳನ್ನು ಹುನಗುಂದದಲ್ಲಿ ಬಿಡಲಿಲ್ಲ. ಎಲ್ಲರೂ ಕೂಡಿಯೇ ಇಳಕಲ್ಲಿಗೆ ಹೋದರು. ಬಾಳವ್ವನಿಗೆ ಮತ್ತೆ ರಕ್ತಸ್ರಾವವಾಗಿಲ್ಲ. ಅಡಿಗೆ, ಮಗ್ಗ, ಅತ್ತೆಯ ಸೇವೆ ಎಲ್ಲವನ್ನೂ ಚೇತನಾ ಮೊದಲಿನಂತೆಯೇ ಮಾಡುತ್ತಾಳೆ. “ಆದ್ರ ಗುಳಗಿ ಮಾತ್ರ ಕೈಲೆ ಮುಟ್ಟೂದಿಲ್ಲಂತ್ರಿ ಸರ್. ಮಗಾ ಬಂದ ಕೊಡೂತನಾ ಮುದುಕಿ ಹಾದಿ ಕಾಯಬೇಕು. ಫೋನ್ ಮಾಡಿ ಕೇಳಿದಾಗೆಲ್ಲಾ ಇದ ಮಾತು.” ಇಷ್ಟು ಹೇಳಿ ಅವನು ಕಣ್ಣು ತಪ್ಪಿಸಿದ. ತಣ್ಣಗಿನವನೆಂದು ನಾನು ತಿಳಿದಿದ್ದ ಮನುಷ್ಯ, ಮಡಚಿದ್ದ ಕೋಟನ್ನೇ ಬಿಚ್ಚಿ ಮತ್ತೆ ಮಡಚತೊಡಗಿದ.

ಸಂಶಯವನ್ನೇ ವೃತ್ತಿಯಾಗಿ ಮಾಡಿಕೊಂಡವರ ನೆರೆ ಸುಖದ್ದಲ್ಲ, ನಿಜ. ಅವರು ನಮ್ಮ ಚೀಲ ಜಾಲಾಡುತ್ತಾರೆ, ನಾಲಗೆ ಎತ್ತಿಸುತ್ತಾರೆ, ನಾಲ್ಕು ಜನರ ಮುಂದೆ ಮಾನ ಕಳೆಯುತ್ತಾರೆ. ಆದರೆ ಅವರ ಸಂಶಯಕ್ಕೆ ಬಾಯಿ ಇದೆ, ಪ್ರಶ್ನೆ ಇದೆ, ಕಾರಣ ಸಿಕ್ಕ ದಿನ ಅದಕ್ಕೆ ಕೊನೆಯೂ ಇದೆ. ತಪ್ಪಿದ್ದಾದರೆ ಕೈಮುಗಿದು ಕೆಳಗಿಡುತ್ತಾರೆ. ಒಂದೇ ಹಂಚಿನ ರೊಟ್ಟಿ ತಿಂದು, ಒಂದೇ ಸೂರಿನ ಅಡಿ ಬದುಕುತ್ತ, ನಾವು ಯಾರನ್ನೂ ಸಂಶಯಿಸುವವರಲ್ಲ ಎಂದು ನಂಬಿಕೊಂಡ ಉಳಿದ ನಾವು, ಕೇಳಬೇಕಾದ್ದನ್ನು ಕೇಳುವುದಿಲ್ಲ, ಹೇಳಬೇಕಾದ ಹೊತ್ತಿಗೆ ಸುಮ್ಮನಿರುತ್ತೇವೆ. ಸೋಮಲಿಂಗನಂಥವರಿಂದ ಆದ ಗಾಯಕ್ಕೆ ಸೋಮಲಿಂಗನೇ ಬಂದು ಔಷಧ ಹಚ್ಚಿಯಾನು. ಮನೆಯವರು ಸುಮ್ಮನಿದ್ದುದರಿಂದ ಆದ ಗಾಯವನ್ನು ಚೇತನಾ ಒಬ್ಬಳೇ ಹೊತ್ತುಕೊಂಡು, ದಿನವೂ ಅದೇ ಮನೆಯವರಿಗೆ ರೊಟ್ಟಿ ಬಡಿಯಬೇಕು.