ಚೆಗು ಮನೆಯ ಬುಟ್ಟಿ

ಚೆಗು ರೋಸ್ದಿಯವರ ಮನೆಯ ಮೂಲೆಯಲ್ಲಿದ್ದ ಬುಟ್ಟಿಯ ಮೇಲೆ ಕಣ್ಣು ಬಿದ್ದದ್ದೇ, ಹಬ್ಬದೂಟಕ್ಕೆ ಬಂದಿದ್ದ ಜಲೇಹಾ ತಟ್ಟೆ ಕೆಳಗಿಟ್ಟಳು. ಖರ್ಜೂರ, ಬಿಸ್ಕತ್ತಿನ ಡಬ್ಬಿ, ಶರಬತ್ತಿನ ಸೀಸೆ, ಮೇಲೊಂದು ಹಸಿರು ರಿಬ್ಬನ್ನು. ಉಪವಾಸದ ತಿಂಗಳು ಮುಗಿದ ರಾಯಾ ಹಬ್ಬಕ್ಕೆ ಇಂಥ ಬುಟ್ಟಿ ಯಾರ ಮನೆಗೆ ಬರುವುದಿಲ್ಲ? ಆದರೆ ಡಬ್ಬಿಯ ಮೇಲೆ ಬಂಗಾರದ ಬಣ್ಣದ ಮುದ್ರೆಯಿತ್ತು. ಬೀದಿಯ ಹಿಂದಿನ ರಬ್ಬರ್ ತೋಟ ಕಡಿದು ಸಾಲು ಸಾಲು ಬಹುಮಹಡಿ ಕಟ್ಟಡ ಎಬ್ಬಿಸಹೊರಟ ಕಂಪನಿಯದೇ ಮುದ್ರೆ.

ನಾಳೆ ಪುರಸಭೆಯ ವಿಚಾರಣೆಯಲ್ಲಿ ಆ ಕಟ್ಟಡಗಳು ಬೇಡವೆಂದು ಬೀದಿಯ ಪರವಾಗಿ ಮಾತಾಡಬೇಕಾದವರು ಇದೇ ಚೆಗು, ಎಲ್ಲರ ಮಕ್ಕಳಿಗೂ ಪಾಠ ಹೇಳಿ ‘ಚೆಗು’ ಅನ್ನಿಸಿಕೊಂಡ ಮೇಷ್ಟ್ರು.

ಜಲೇಹಾಳಿಗೆ ಇದು ಬರೀ ಬೀದಿಯ ಜಗಳವಾಗಿರಲಿಲ್ಲ. ಸಕ್ಕರೆ ಕಾಯಿಲೆಯ ಅಮ್ಮನ ಕಾಲಿನ ಹುಣ್ಣಿಗೆ ದಿನ ಬಿಟ್ಟು ದಿನ ಸರಕಾರಿ ದವಾಖಾನೆಯಲ್ಲಿ ಪಟ್ಟಿ ಬದಲಿಸಬೇಕು. ಈಗಲೇ ಬೆಳಕು ಹರಿಯುವ ಮುಂಚೆ ಸಾಲಲ್ಲಿ ನಿಂತರೂ ಎಷ್ಟೋ ಸಲ ‘ನಾಳೆ ಬನ್ನಿ’ ಅನ್ನುತ್ತಾರೆ. ಶಾಲೆಗೆ ಎರಡು ಪಾಳಿ, ನಲ್ಲಿಯಲ್ಲಿ ನೀರು ದಾರದಷ್ಟು. ಇನ್ನೊಂದು ಊರಿನಷ್ಟು ಜನ ಬಂದು ಸೇರಿದರೆ ಅಮ್ಮನ ಕಾಲು ಉಳಿದ ಹಾಗೇ.

ಮನೆಗೆ ಬಂದವಳು ತಡೆಯಲಾರದೆ ಗೋಡೆಯಾಚೆಯ ಸ್ಯೂ ಲಾನ್ ಆಂಟಿಗೆ ಹೇಳಿಬಿಟ್ಟಳು.

“ಯಾರಿಗೂ ಹೇಳ್ಬೇಡಿ ಆಂಟಿ.”

“ನಾನ್ಯಾಕೆ ಹೇಳ್ಲಿ? ಆದ್ರೆ ಚೆಗು ಗೇಟಿಗೆ ಬಣ್ಣ ಹೊಡಿಸಿದಾಗ್ಲೇ ನಂಗೆ ಡೌಟ್ ಬಂತು ಕಣೇ.”

“ಹಬ್ಬಕ್ಕೆ ಎಲ್ರೂ ಹೊಡಿಸ್ತಾರಲ್ವಾ?”

“ಅದು ದುಬಾರಿ ಬಣ್ಣ.”

ಸಂಜೆಯ ಹೊತ್ತಿಗೆ ಚೆಗುವಿನ ಹೊಸ ಹಲ್ಲಿನ ಸೆಟ್ಟೂ ಕಂಪನಿಯ ದುಡ್ಡಿನದೇ ಎಂದು ಬೀದಿಯೆಲ್ಲ ಆಡಿಕೊಂಡಿತು.

ಊಟಕ್ಕೆ ಕೂತಾಗ ಜಲೇಹಾ ಗಂಡನಿಗೂ ಬುಟ್ಟಿಯ ಸುದ್ದಿ ಹೇಳಿದಳು. ಕಮರುದ್ದೀನನ ಕೈ ತಟ್ಟೆಯಲ್ಲೇ ನಿಂತಿತು.

“ಹಸಿರು ರಿಬ್ಬನ್ನಾ?”

“ಅಬಾಂಗ್, ನಿಮಗೆ ಹೇಗ್ ಗೊತ್ತು?” ಗಂಡನನ್ನು ಅವಳು ಕರೆಯುತ್ತಿದ್ದುದು ಹಾಗೆಯೇ.

“ನಾನೇ ಕಟ್ಟಿದ್ದು ಲೇಹಾ. ನೀನು ಅಮ್ಮನ ಜೊತೆ ದವಾಖಾನೆಗೆ ಹೋದಾಗ ಕಂಪನಿಯವನು ಬಂದಿದ್ದ. ಹಬ್ಬದ ಹೊತ್ತಲ್ಲಿ ಬಾಗಿಲಿಗೆ ಬಂದಿದ್ದನ್ನ ಬೇಡ ಅನ್ನೋಕಾಗುತ್ತಾ? ಮನೇಲಿಟ್ಕೊಳ್ಳೋಕೂ ಮನಸ್ಸು ಬರ್ಲಿಲ್ಲ. ಹಿರಿಯರ ಮನೆಗೆ ಬರಿಗೈಲಿ ಹೋಗೋದು ಬೇಡ ಅಂತ ಚೀಟಿ ಕಿತ್ತು, ರಿಬ್ಬನ್ ಬದಲಾಯಿಸಿ ಚೆಗುಗೇ ಕೊಟ್ಟೆ.”

ಬಂದ ಬುಟ್ಟಿಯನ್ನು ಬಿಚ್ಚದೆ ಮುಂದಿನ ಮನೆಗೆ ದಾಟಿಸುವುದು ಎಲ್ಲರೂ ಮಾಡುವುದೇ. ಅವಳೂ ಎಷ್ಟೋ ಸಲ ಮಾಡಿದ್ದಳು. ಆದರೂ ಅವಳು ಗಂಡನ ಮುಖವನ್ನೇ ದಿಟ್ಟಿಸಿದಳು. “ಬುಟ್ಟಿ ಅಷ್ಟೇನಾ ಕೊಟ್ಟಿದ್ದು?”

“ಅಷ್ಟೇ ಕಣೇ!”

ಅವಳು ನಂಬಿದಳು. ಪೂರ್ತಿ ಅಲ್ಲ.

ಬೆಳಿಗ್ಗೆ ಎಲ್ಲರನ್ನೂ ವಿಚಾರಣೆಗೆ ಕರೆದೊಯ್ಯಲು ತಿರುವಿನಲ್ಲಿ ಅದೇ ಬೀದಿಯ ಪೆರುಮಾಳ್ ಅಂಕಲ್ಲಿನ ವ್ಯಾನು ನಿಂತಿತ್ತು. ಒಳಗೆ ಚೆಗು ಒಬ್ಬರೇ, ಇಸ್ತ್ರಿ ಮಾಡಿದ ಬಾಟಿಕ್ ಅಂಗಿಯಲ್ಲಿ. ಜನ ಹೊರಗೆ ಗುಂಪುಗುಂಪಾಗಿ ನಿಂತು ಗುಸುಗುಸು ಮಾಡುತ್ತಿದ್ದರು; ಒಬ್ಬರೂ ಹತ್ತಲೊಲ್ಲರು. ಬೀದಿಯವರು ಬಾರದ ವಿಚಾರಣೆ ಎಷ್ಟು ಬೇಗ ಮುಗಿಯುತ್ತದೆಂದು ಜಲೇಹಾಳಿಗೆ ಗೊತ್ತಿತ್ತು.

“ಆ ಬುಟ್ಟಿ ಮೊದಲು ಬಂದಿದ್ದು ನಮ್ಮನೆಗೆ,” ಎಂದಳು ಅವಳು, ಎಲ್ಲರಿಗೂ ಕೇಳುವಂತೆ. “ನಮ್ಮೆಜಮಾನ್ರು ಚೆಗುಗೆ ದಾಟಿಸಿದ್ರು. ಅವರಿಗೇನೂ ಗೊತ್ತಿಲ್ಲ.”



“ಓಹೋ, ನಿಮ್ಮನೆಗಾ?” ಎಂದರು ಸ್ಯೂ ಲಾನ್ ಆಂಟಿ. “ಇನ್ನೇನೇನ್ ಬಂತು ನಿಮ್ಮನೆಗೆ?”

“ಆಂಟಿ, ನಿಮ್ಮನೆಗೆ ಬರ್ಲಿಲ್ವಾ?”

ಆಂಟಿ ಛತ್ರಿ ಬಿಡಿಸುವುದರಲ್ಲಿ ಮುಳುಗಿಹೋದರು. ಇನ್ನಿಬ್ಬರು ಚಪ್ಪಲಿ ನೋಡಿಕೊಂಡರು.

ಪೆರುಮಾಳ್ ಅಂಕಲ್ ಹಾರ್ನ್ ಒತ್ತಿದರು. “ಚೆಗು ಒಬ್ರನ್ನೇ ಕಳಿಸೋಕೆ ಭಯ, ಜಲೇಹಾನೂ ಬೇಡ. ಹಂಗಾದ್ರೆ ಯಾರು ಹೋಗ್ತೀರ್ರಪ್ಪಾ?”

“ನಾನ್ ಬರ್ತೀನಿ,” ಎಂದರು ಆಂಟಿ. “ಅಲ್ಲಿ ಯಾರ್ ಏನ್ ಮಾತಾಡ್ತಾರೋ ಕಿವಿಯಾರೆ ಕೇಳ್ಬೇಕು.”

“ನೀವ್ ಹೋದ್ರೆ ನಾನೂ ಬರ್ಲೇಬೇಕು,” ಎಂದಳು ಎದುರುಮನೆಯವಳು.

ಹಾಗೆ ಒಬ್ಬರ ಹಿಂದೆ ಒಬ್ಬರು ಹತ್ತಿದರು. ವ್ಯಾನು ತುಂಬಿತು, ಉಳಿದವರು ಬೈಕು ಹತ್ತಿದರು. ಇಷ್ಟು ದಿನದ ಯಾವ ಸಭೆಗೂ ಇಷ್ಟು ಜನ ಸೇರಿರಲಿಲ್ಲ. ಚೆಗು ಸರಿದು ಜಲೇಹಾಳಿಗೆ ಜಾಗ ಮಾಡಿಕೊಟ್ಟರು. ಆದರೆ ವಿಚಾರಣೆಯ ಕಾಗದಗಳಿದ್ದ ಚೀಲವನ್ನು ಎತ್ತಿ ಅವಳಿಗೆ ದೂರದ ಪಕ್ಕಕ್ಕೆ ಇಟ್ಟುಕೊಂಡರು.