ಬಳೆಗಾರ್ತಿಗೆ ಕೊಟ್ಟ ನೀರು

ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿದ್ದ ನನ್ನ ಹೆಂಡತಿ ರಹೀಮುನ್ನೀಸಾ ಅರೆನಿದ್ದೆಯಲ್ಲಿ ನಗುತ್ತಿದ್ದಳು. ಎಚ್ಚರವಾದ ಮೇಲೆ ಏನೆಂದು ಕೇಳಿದೆ.

"ಭದ್ರೆ ಹಿನ್ನೀರಿನ ತಳದಲ್ಲಿ ನಡೀತಿದ್ದೆ ಕಣ್ರೀ. ಹೆಗಲ ಮೇಲೆ ಬಳೆ ಪೋಣಿಸಿದ ಮಲಾರ. ಮುಳುಗಿದ ಮನೆಗಳ ಬಾಗಿಲು ತೆಗ್ದು ಹೆಂಗಸ್ರು ಕೈ ಚಾಚ್ತಿದ್ರು. ಏದುಸಿರೇ ಇಲ್ಲ!"

ಅದು ಕನಸಿನ ಮಾತು. ನರಸಿಂಹರಾಜಪುರದ ನಮ್ಮ ಮನೆಯಲ್ಲಿ ಅವಳು ಅಡುಗೆಮನೆಯಿಂದ ಜಗಲಿಗೆ ಬರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಕೊಪ್ಪದ ಡಾಕ್ಟರು ಹೃದಯದ ಸ್ಕ್ಯಾನ್ ನೋಡಿ, "ಕಿಡ್ನಿ ಹೊರಹಾಕದ ನೀರು ಮೈಯಲ್ಲೇ ನಿಲ್ತಿದೆ. ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಏರಿ ಹೃದಯ ಸೋಲ್ತಿದೆ. ನೀರು ಕಡಿಮೆ ಮಾಡದಿದ್ರೆ ಜೀವಕ್ಕೇ ಕಷ್ಟ" ಎಂದರು. ನನಗೆ ಉರಿದುಹೋಯಿತು. ಮನೆಯಲ್ಲಿ ಅವಳಿಗೆ ನೀರು ಅಳೆದು ಕೊಡುವವನೇ ನಾನು! "ಗುಟುಕೂ ಜಾಸ್ತಿ ಕುಡಿಯಲ್ಲ ಸಾರ್" ಎಂದು ಜಗಳಕ್ಕೇ ನಿಂತೆ. ಅವಳು ಕಿಟಕಿ ನೋಡುತ್ತಿದ್ದಳು.

ಆ ವಾರ ಕೊಪ್ಪದ ಹತ್ತಿರದ ನಾರ್ವೆ ಊರಿನಲ್ಲಿ, ಇವಳ ಹಳೇ ಗಿರಾಕಿ ಭೈರಮ್ಮನವರ ಮೊಮ್ಮಗಳು ಸಿರಿಯ ಸೀಮಂತ. ಬಳೆ ತೊಡಿಸಲು ಇವಳೇ ಬೇಕಂತೆ. ಬೇಡವೆಂದರೆ ಕೇಳುವವಳೇ? ನನ್ನ ಆಟೊದಲ್ಲೇ ಕರೆದೊಯ್ದೆ. ಮಂಜಿನಲ್ಲಿ ದಾರಿ ಮೆಲ್ಲಗೆ ಬಿಚ್ಚಿಕೊಳ್ಳುತ್ತಿತ್ತು. ಇವಳು ಕಣ್ಣು ಅರೆಮುಚ್ಚಿ ಬಳೆಗಳ ಬಣ್ಣ ಹೇಳಿಕೊಳ್ಳುತ್ತಿದ್ದಳು. ನಡುವೆ ಹಳೇ ಗಿರಾಕಿಗಳ ಮನೆಗಳಿಗೂ ಹೊಕ್ಕೆವು. ಹೋದಲ್ಲೆಲ್ಲ ಬೆಲ್ಲ, ಚೊಂಬು ತುಂಬ ನೀರು. ಇವಳು ಗಟಗಟ ಕುಡಿಯುತ್ತಿದ್ದಾಳೆ! ಆಟೊ ಹತ್ತಿದ ಮೇಲೆ ಕೇಳಿದೆ.

"ಏನೇ ಇದು? ಸಾಯ್ಬೇಕು ಅಂತಿದೀಯಾ?"

"ಮನೇಲಿ ಕುಡಿದಿದ್ದು ಲೆಕ್ಕ ರೀ. ಇದು ಅವ್ರು ಕೊಟ್ಟಿದ್ದು." ಆಮೇಲೆ ಮೆಲ್ಲಗೆ ಹೇಳಿದಳು. "ಮೊದ್ಲು ಅಂಗಳದಲ್ಲೇ ಕೂತು ಬಳೆ ತೊಡಿಸ್ತಿದ್ದೆ. ಬಾಯಾರ್ತು ಅಂದ್ರೆ ಬೊಗಸೆಗೆ ಮೇಲಿಂದ ಹೊಯ್ತಿದ್ರು. ಒಳಗೆ ಕರ್ದು ಚೊಂಬು ಕೈಗೆ ಕೊಡೋಕೆ ಎಷ್ಟು ವರ್ಷ ಹಿಡೀತು ಗೊತ್ತಾ? ಈಗ ಬೇಡ ಅನ್ಲಾ?"

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಆಟೊ ನಾರ್ವೆಗೆ ಓಡಿಸಿದೆ.

ಭೈರಮ್ಮ ಜಗಲಿಗೇ ಚೊಂಬು ತಂದರು. ಇವಳು ಕೈ ಚಾಚಿದಳು. ನಾನು ಅಡ್ಡ ಬಂದೆ.

"ಕೊಡ್ಬೇಡಿ ಅಮ್ಮಾ. ನೀರೇ ಇವಳ ಉಸಿರು ಕಟ್ಟಿಸ್ತಿದೆ" ಎಂದು ಎಲ್ಲ ಹೇಳಿಬಿಟ್ಟೆ.

ರಹೀಮುನ್ನೀಸಾಳ ಮುಖ ಸಣ್ಣದಾಯಿತು. ಹಿಂದೆ ಸರಿದು, ಮಲಾರ ಇಳಿಸಿ ಅಂಗಳದಲ್ಲೇ ಕೂತುಬಿಟ್ಟಳು.

ಭೈರಮ್ಮ ಚೊಂಬು ಕೆಳಗಿಟ್ಟು ಮೆಟ್ಟಿಲಿಳಿದು ಬಂದರು.

"ಅಲ್ಲಿ ಎಂತಕ್ಕೆ ಕೂತೆ ಮಾರಾಯ್ತಿ? ನೀರು ಕುಡೀದಿದ್ರೆ ಒಳಗೆ ಬರ್ಬಾರ್ದು ಅಂತ ಯಾರು ಹೇಳಿದ್ರು?" ಎಂದು ರಟ್ಟೆ ಹಿಡಿದು ಎಬ್ಬಿಸಿದರು.

ಹೊಸ್ತಿಲ ಮೇಲೆ ಇವಳಿಗೆ ಉಸಿರು ಸಿಕ್ಕಲಿಲ್ಲ. ಒಳಗೆ ಸಿರಿ ಕೈ ಚಾಚಿ ಕಾಯುತ್ತಿದ್ದಳು. ಇವಳು ಸುಧಾರಿಸಿಕೊಳ್ಳುವವರೆಗೂ ಭೈರಮ್ಮ ಕೈ ಬಿಡದೆ ಅಲ್ಲೇ ನಿಂತಿದ್ದರು.